ಕೊಟ್ಟಿಗೆಯ ಕಣ್ಣು

ಮಾದಿಹಳ್ಳಿಯ ಚನ್ನಪ್ಪನವರ ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ್ದು ಕಳ್ಳರ ಭಯಕ್ಕಲ್ಲ, ಅವರ ಹೆಂಡತಿ ಅನುಸೂಯಮ್ಮನವರ ಹಟಕ್ಕೆ. ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು, ಅರಸೀಕೆರೆಯ ಮಗಳು ಅಕ್ಷತಾಳ ಮನೆಯಲ್ಲಿ ಮಲಗಿದ್ದ ಆಕೆ, ಗಬ್ಬದ ಕಡಸು ಬೆಳ್ಳಿಯನ್ನು ನೋಡದೆ ಅನ್ನ ಮುಟ್ಟುವುದಿಲ್ಲವೆಂದು ಕೂತುಬಿಟ್ಟರು. ಹುಟ್ಟುತ್ತಲೇ ತಾಯಿ ಕಳೆದುಕೊಂಡಿದ್ದ ಬೆಳ್ಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವರು ಅವರೇ. ಮನೆಯ ಮಿಕ್ಕವರು ಗಂಟಲು ಹರಿಯುವಂತೆ ಕರೆದರೂ ಬೆಳ್ಳಿ ಕಿವಿ ಆಡಿಸುತ್ತಿರಲಿಲ್ಲ. ಅನುಸೂಯಮ್ಮ ಅಡುಗೆಮನೆಯಲ್ಲಿ ಕೆಮ್ಮಿದರೆ ಸಾಕು, ಮೇವು ಬಿಟ್ಟು ತಲೆಯೆತ್ತುತ್ತಿತ್ತು.

ಮಗ ಅರುಣ್‌ಕುಮಾರ್ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಅವನೇ ಕ್ಯಾಮೆರಾ ತಂದು ತೊಲೆಗೆ ಕೂರಿಸಿದ. ಅದು ಕುತ್ತಿಗೆ ತಿರುಗಿಸುತ್ತಿತ್ತು, ಮಾತು ಸಾಗಿಸುತ್ತಿತ್ತು, ಬೇಕೆಂದರೆ ಸೈರನ್ನೂ ಕೂಗುತ್ತಿತ್ತು. ಯಜಮಾನಿಕೆಯನ್ನು ತನ್ನ ಫೋನಿನಲ್ಲೂ ಹೆಂಡತಿ ಮಧುಶ್ರೀಯ ಫೋನಿನಲ್ಲೂ ಇಟ್ಟುಕೊಂಡು, ತಾಯಿಗೆ, ಅಕ್ಕನಿಗೆ, ಅಕ್ಕನ ಗಂಡನಿಗೆ, ಕೇಳಿದವರಿಗೂ ಕೇಳದವರಿಗೂ ನೋಡುವ, ಮಾತಾಡುವ ಅಧಿಕಾರವನ್ನು ತಾಂಬೂಲದ ಹಾಗೆ ಹಂಚಿದ.

ಮೊದಲ ದಿನವೇ ಎಡವಟ್ಟಾಯಿತು. ಬೆಳ್ಳಿಯನ್ನು ಮಾತಾಡಿಸಲು ಹೋದ ಅನುಸೂಯಮ್ಮ ಮೈಕಿನ ಗುಂಡಿ ಬಿಟ್ಟು ಸೈರನ್ ಗುಂಡಿ ಒತ್ತಿದರು. ಮುದಿ ಎತ್ತು ಹಗ್ಗ ಕಿತ್ತುಕೊಂಡು ಹಳೇಬೀಡಿನ ರಸ್ತೆಗೆ ಓಡಿತು. ಅದನ್ನು ಹಿಡಿದು ತರುವಷ್ಟರಲ್ಲಿ ಚನ್ನಪ್ಪನವರಿಗೆ ಏದುಸಿರು. ಅರುಣ್‌ಕುಮಾರ್ ಅವತ್ತೇ ತಾಯಿಗೆ ಬರೀ ನೋಡುವುದನ್ನು ಉಳಿಸಿ, ಮಾತಾಡುವ, ತಿರುಗಿಸುವ ಅಧಿಕಾರವನ್ನೆಲ್ಲ ಕಿತ್ತುಕೊಂಡ. ಅಕ್ಕನ ಗಂಡನಿಗೆ ಮಾತ್ರ ಎಲ್ಲವೂ ಹಾಗೇ ಉಳಿದವು. ಮನೆಯ ಅಳಿಯನ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗಿದೆ?

ಆ ಅಳಿಯ ಮಹಾಶಯರೋ, ಒಂದು ಮಧ್ಯಾಹ್ನ ತಮ್ಮ ಆಫೀಸಿನವರಿಗೆಲ್ಲ ಮಾವನ ಕೊಟ್ಟಿಗೆ ತೋರಿಸಿದರು. ಹುಲ್ಲು ಹಾಕುತ್ತಿದ್ದ ಚನ್ನಪ್ಪನವರ ತಲೆಯ ಮೇಲಿಂದ ಯಾರದೋ ಕೇಳರಿಯದ ದನಿ, "ಅಬ್ಬಬ್ಬಾ, ಏನ್ರೀ ಹೊಟ್ಟೆ ಇದು! ಬಿಂದಿಗೆಗಟ್ಲೆ ಹಾಲು ಗ್ಯಾರಂಟಿ!" ಎಂದಿತು. ಚನ್ನಪ್ಪನವರ ಕೈಯಿಂದ ಹುಲ್ಲು ಜಾರಿ ಬಿತ್ತು. ಈಯುವ ದನದ ಮೇಲೆ ಹೊರಗಿನವರ ಕಣ್ಣು ಬೀಳಬಾರದೆಂದು ಕೊಟ್ಟಿಗೆಯ ಬಾಗಿಲಿಗೆ ಗೋಣಿ ಇಳಿಬಿಟ್ಟು ಬೇವಿನ ಸೊಪ್ಪು ಸಿಕ್ಕಿಸುವ ಮನೆ ಅದು. ಬಾಗಿಲು ಮುಚ್ಚಿ ಸೂರಿನಲ್ಲಿ ಊರನ್ನೇ ಕೂರಿಸಿಕೊಂಡ ಹಾಗಾಯಿತಲ್ಲ! ಅವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ಏಣಿ ಹಾಕಿ, ಕ್ಯಾಮೆರಾಕ್ಕೂ ಒಂದು ಗೋಣಿಚೀಲ ತೊಡಿಸಿ, ಹುರಿ ಬಿಗಿದು ಇಳಿದರು. ಅನುಸೂಯಮ್ಮನವರ ಫೋನಿನಲ್ಲಿ ಅವತ್ತಿನಿಂದ ಬರೀ ಕತ್ತಲೆ.

ಇದಾಗಿ ಕೆಲವೇ ದಿನಕ್ಕೆ, ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಬೆಳ್ಳಿ ಈಯಿತು. ಅರುಣ್‌ಕುಮಾರ್ ಡೇರಿಯ ಮೀಟಿಂಗೆಂದು ಹಾಸನಕ್ಕೆ ಹೋಗಿದ್ದ, ಫೋನ್ ಆಫ್. ಹೆಣ್ಣುಗರು ಸಲೀಸಾಗಿ ನೆಲಕ್ಕೆ ಬಂತು. ಆಮೇಲೆ ಶುರುವಾಯಿತು ಫಜೀತಿ. ಚೊಚ್ಚಲ ಬೆಳ್ಳಿ ಹಿಂದಿರುಗಿ ನೋಡಿ, ಒದ್ದೆಯಾಗಿ ಮಿಸುಕಾಡುವ ಆ ವಸ್ತು ಏನೆಂದು ತಿಳಿಯದೆ ಬೆದರಿಬಿಟ್ಟಿತು. ನೆಕ್ಕಲಿಲ್ಲ, ಮೂಸಲೂ ಇಲ್ಲ. ಗೋಡೆಗೆ ಒತ್ತಿಕೊಂಡು ನಿಂತು ಕೊಂಬು ತಗ್ಗಿಸಿತು. ಹತ್ತಿರ ಹೋದ ಚನ್ನಪ್ಪನವರ ತೊಡೆಗೆ ಒಂದು ಒದೆ ಬಿತ್ತು. ಕಾಲು ಕಟ್ಟಿ ಹಾಲು ಕರೆಯೋಣವೆಂದರೆ, ಬೆಳ್ಳಿ ಹಾರಿದ ರಭಸಕ್ಕೆ ಗೊರಸು ಕರುವಿನ ತಲೆಯ ಪಕ್ಕದಲ್ಲೇ ಊರಿತು.

"ಗಿಣ್ಣಾಲು ಹೊಟ್ಟೆಗೆ ಬೀಳ್ದಿದ್ರೆ ಕರು ಉಳಿಯಾಕಿಲ್ಲ ಕಣಮ್ಮ," ಎಂದರು ಚನ್ನಪ್ಪ, ಬಾಗಿಲಲ್ಲಿ ನಿಂತಿದ್ದ ಸೊಸೆಗೆ. ಪಶುವೈದ್ಯರು ಗೆಂಡೆಹಳ್ಳಿಯ ಕಡೆ ಹೋಗಿದ್ದರು. ಬರುವುದು ಮಧ್ಯಾಹ್ನದ ಮೇಲೆಯೇ.

ಮಧುಶ್ರೀ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹಾಲೆಂದರೆ ಪ್ಯಾಕೆಟ್ಟು ಎಂದು ತಿಳಿದಿದ್ದ ಹುಡುಗಿ. ಈಗ ಹುಲ್ಲಿನ ಮೇಲೆ ಆ ಜೀವ ಗಡಗಡ ನಡುಗುತ್ತಿತ್ತು. ಅವಳು ಅತ್ತೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ, ಬೆಳ್ಳಿಗೆ ಆ ದನಿ ಕೇಳಲೆಂದು ಫೋನ್ ಹಿಡಿದ ಕೈ ಚಾಚಿದಳು. ಬೆಳ್ಳಿ ಆ ಕೈಗೇ ಕೊಂಬು ಬೀಸಿತು. ಹತ್ತಿರ ನಿಂತು ಮಾತು ಕೇಳಿಸುವಂತೆಯೂ ಇಲ್ಲ, ವಿಡಿಯೊದಲ್ಲಿ ತೋರಿಸುವಂತೆಯೂ ಇಲ್ಲ.

"ಕಾಣ್ದೇ ನಾನೇನಂತ ಮಾತಾಡ್ಲೇ?" ಫೋನಿನಲ್ಲಿ ಅನುಸೂಯಮ್ಮನವರ ದನಿ ಒಡೆದಿತ್ತು. "ಅದು ಕಿವಿ ಎತ್ತಿದ್ರೆ ಒಂದು ಮಾತು, ಕಾಲೆತ್ತಿದ್ರೆ ಒಂದು ಮಾತು. ಕುರುಡಿ ಮಾಡಿ ಕೂರಿಸವ್ರೆ ನನ್ನ! ಆ ಗೋಣಿ ತೆಗೆಸೇ."

"ತೆಗೆಯಾಕಿಲ್ಲ," ಎಂದರು ಚನ್ನಪ್ಪ, ಮೇಲೆ ನೋಡದೆ. "ಹಸಿ ಬಾಣಂತಿ ಮೇಲೆ ಕಂಡೋರ ಕಣ್ಣು ಬಿದ್ದಿರಾದೇ ಸಾಕು."

ಮಾವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲವೆಂದು ಮಧುಶ್ರೀಗೆ ಗೊತ್ತಿತ್ತು. ಅವರ ಮಾತು ಪೂರ್ತಿ ಸುಳ್ಳೆಂದೂ ಅವಳಿಗೆ ಅನ್ನಿಸಲಿಲ್ಲ. ತನ್ನ ಹೆರಿಗೆಯನ್ನು ಯಾರೋ ಆಫೀಸಿನಲ್ಲಿ ಕೂತು ನೋಡಿದರೆ ತಾನು ಒಪ್ಪುತ್ತಿದ್ದೆನೆ? ಅವಳು ಫೋನಿನಲ್ಲಿ ಆ್ಯಪ್ ತೆರೆದು, ಹೆಸರುಗಳನ್ನು ಒಂದೊಂದಾಗಿ ಅಳಿಸತೊಡಗಿದಳು.

"ಮಾವ, ನೋಡಿ. ಅಳಿಯಂದಿರ ಕಣ್ಣು ತೆಗೆದೆ. ಅಕ್ಷತಕ್ಕನದೂ ತೆಗೆದೆ. ಇನ್ನು ಹೊರಗಿನೋರು ಯಾರಿಗೂ ಕಾಣಲ್ಲ. ಅತ್ತೆ ಒಬ್ಬರೇ. ಅತ್ತೆ ಕಣ್ಣು ಬೆಳ್ಳಿಗೆ ತಾಗುತ್ತಾ?"

ಚನ್ನಪ್ಪ ಸೊಸೆಯ ಫೋನನ್ನು ನೋಡಿದರು, ಕರುವನ್ನು ನೋಡಿದರು. ಏಣಿ ತಂದು ಗೋಣಿ ಬಿಚ್ಚಿದರು.

ಉಳಿದದ್ದು ಮಾತಿನ ಗುಂಡಿ. ಅತ್ತೆಗೆ ಅದನ್ನು ಕೊಟ್ಟರೆ ಅದರ ಬೆನ್ನಿಗೇ ಸೈರನ್ನೂ ಹೋಗುತ್ತಿತ್ತು. ಒಂದು ಬಿಟ್ಟು ಇನ್ನೊಂದು ಕೊಡುವ ದಾರಿ ಆ ಆ್ಯಪಿನಲ್ಲಿರಲಿಲ್ಲ. ಈಗೇನಾದರೂ ಅದು ಊಳಿಟ್ಟರೆ ಬೆಳ್ಳಿ ಕರುವನ್ನು ತುಳಿದೇಬಿಡುತ್ತದೆ. ಗಂಡನನ್ನು ಕೇಳೋಣವೆಂದರೆ ಫೋನ್ ಆಫ್. ಮಧುಶ್ರೀಯ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಕರು ಒಮ್ಮೆ ಕತ್ತೆತ್ತಲು ನೋಡಿ, ಆಗದೆ, ಹುಲ್ಲಿನ ಮೇಲೆ ತಲೆ ಚೆಲ್ಲಿತು. ಅವಳು ಒತ್ತಿಬಿಟ್ಟಳು.

"ಅತ್ತೆ, ಎಲ್ಲ ಕೊಟ್ಟಿದೀನಿ. ನೀಲಿ ಬಣ್ಣದ್ದು ಮಾತು. ಕೆಂಪು ಮುಟ್ಟಬೇಡಿ, ನಿಮ್ಮ ದಮ್ಮಯ್ಯ."

"ಹೂಂ ಕಣೆ," ಎಂದು ಅನುಸೂಯಮ್ಮ ಫೋನ್ ಇಟ್ಟರು.

ತೊಲೆಯ ಮೇಲೆ ಸಣ್ಣಗೆ ಗುಂಯ್ ಎಂದಿತು. ಕ್ಯಾಮೆರಾ ತಿರುಗಿ ಗೋಡೆ ನೋಡಿತು. ಆಮೇಲೆ ಸೂರು ನೋಡಿತು. ಮಧುಶ್ರೀ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ ನಿಂತಳು. ಕ್ಯಾಮೆರಾ ತಡವರಿಸುತ್ತ ಕೆಳಗಿಳಿದು, ಮೂಲೆಯಲ್ಲಿ ಬೆದರಿ ನಿಂತ ಬೆಳ್ಳಿಯ ಮುಖಕ್ಕೆ ಬಂದು ನಿಂತಿತು.

"ಹೋ... ಹೋ... ಬೆಳ್ಳೀ. ಯಾಕವ್ವಾ, ಎದ್ರುಕೊಂಡ್ಯಾ?"

ಬೆಳ್ಳಿಯ ಕಿವಿಗಳೆರಡೂ ನಿಮಿರಿದವು. ಕೊಂಬು ಮೇಲೆದ್ದಿತು. ಅದು ಬಾಗಿಲ ಕಡೆ ನೋಡಿತು, ಅಲ್ಲಿ ಯಾರೂ ಇಲ್ಲ. ಆಮೇಲೆ ಕತ್ತನ್ನು ಉದ್ದ ಮಾಡಿ, ನೇರವಾಗಿ ತೊಲೆಯ ಕಡೆಗೆ, ಆ ಪುಟ್ಟ ಕರಿಯ ಕಣ್ಣಿಗೆ ಕಣ್ಣಿಟ್ಟು, ಎಳೆಗರುವಿನಂತೆ "ಅಂಬಾ" ಎಂದು ಕೂಗಿತು. ಮಧುಶ್ರೀಗೆ ಮೈ ಜುಮ್ಮೆಂದಿತು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಸಾಮಾನು ಅದು, ಅವಳೇ ಡಬ್ಬಿ ಬಿಚ್ಚಿದ್ದಳು. ಅದರೊಳಗಿಂದ ಒಬ್ಬ ತಾಯಿ ಬಂದಿದ್ದಳು. ಮಧುಶ್ರೀಯ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಇಲ್ಲೇ ಅವ್ನಿ ಕಣವ್ವಾ, ಎಲ್ಗೂ ಓಗಿಲ್ಲ. ಅದು ನಿಂದೇ ಕೂಸು ಕಣೆ. ಮೂಸ್ನೋಡು. ಹೋ... ಹೋ... ಮಧೂ, ಬಕೀಟ್ನಾಗೆ ತೌಡೈತೆ ನೋಡು. ಒಂದು ಮುಷ್ಟಿ ಕರು ಮೈಮ್ಯಾಲೆ ಉದುರ್ಸು. ಓಡಬ್ಯಾಡ, ನಿಧಾನಕ್ಕೋಗು. ಇವ್ಳು ಒದೆಯಾಕಿಲ್ಲ, ನಾನ್ ನೋಡ್ತಾ ಇವ್ನಿ."

ನಾನು ನೋಡುತ್ತಿದ್ದೇನೆ ಎಂಬ ಆ ಮಾತೊಂದೇ ಮಧುಶ್ರೀಯನ್ನು ಗೊರಸುಗಳ ನಡುವೆ ನಡೆಸಿತು. ಬೆನ್ನ ಹಿಂದೆ ಗುಂಯ್ ಎನ್ನುತ್ತ ಆ ಕಣ್ಣು ಅವಳ ಜೊತೆಜೊತೆಗೇ ಬಂತು. ಅವಳು ತೌಡು ಉದುರಿಸಿದಳು. ತೌಡಿನ ಆಸೆಗೆ ಬೆಳ್ಳಿ ಮೂತಿ ಚಾಚಿ, ಒಂದು ಸಲ ನೆಕ್ಕಿತು. ನಿಂತು ಯೋಚಿಸಿತು. ಮತ್ತೆ ನೆಕ್ಕಿತು. ತೌಡು ಮುಗಿದ ಮೇಲೂ ನೆಕ್ಕುತ್ತಲೇ ಹೋಯಿತು, ಬೆನ್ನು, ಕತ್ತು, ಮುಚ್ಚಿದ್ದ ಕಣ್ಣು ಎಲ್ಲ. ಕರು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ಎದ್ದಿತು, ಮುಗ್ಗರಿಸಿತು, ಇನ್ನೊಮ್ಮೆ ಎದ್ದು ಕೆಚ್ಚಲು ಹುಡುಕಿತು. ಬೆಳ್ಳಿಯ ಹಿಂಗಾಲು ಮೇಲೆದ್ದಿತು.

"ಹೋ, ಬೆಳ್ಳೀ!"

ಆ ಕಾಲು ನಿಧಾನಕ್ಕೆ ನೆಲಕ್ಕಿಳಿಯಿತು. ಕರು ಬಾಯಿ ಹಾಕಿ ಚಪ್ಪರಿಸತೊಡಗಿತು. ಬಾಯಿಯ ಅಂಚಿನಲ್ಲಿ ಹಳದಿ ಗಿಣ್ಣು ಹಾಲು ಒಸರಿತು. ಮಧುಶ್ರೀ ಸಗಣಿ ಗಂಜಲ ಏನನ್ನೂ ಲೆಕ್ಕಿಸದೆ ಅಲ್ಲೇ ಕುಸಿದು ಕೂತಳು. ತೊಲೆಯ ಮೇಲಿಂದ ಮೂಗು ಸೇದುವ ಸದ್ದು ಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಮತ್ತೆ ತಿರುಗಿತು. ಬಾಗಿಲ ಪಕ್ಕ, ಬಿಚ್ಚಿದ ಗೋಣಿಯನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ ಚನ್ನಪ್ಪನವರ ಮೇಲೆ ಬಂದು ನಿಂತಿತು.

"ಏನ್ರೀ, ಇಷ್ಟೊಂದು ಸೊರಗೋಗಿದೀರಾ? ಒತ್ತೊತ್ತಿಗೆ ಉಣ್ತಾ ಇದೀರೋ ಇಲ್ವೋ?"

ಚನ್ನಪ್ಪ ಗೋಣಿಯನ್ನು ಕೆಳಗೆ ಹಾಕಿದರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಕೆದರಿದ ಕೂದಲನ್ನು ಅಂಗೈಯಲ್ಲಿ ಸವರಿಕೊಂಡು, ಆ ಕಣ್ಣಿಗೆ ಸರಿಯಾಗಿ ಕಾಣುವ ಹಾಗೆ ಎರಡು ಹೆಜ್ಜೆ ಮುಂದೆ ಬಂದರು.

"ಉಣ್ತೀನಿ ಕಣೆ. ನಿನ್ ಕಾಲು... ಭಾಳ ನೋಯ್ತೈತಾ?"

ಮಧುಶ್ರೀಯ ಕೈಯಲ್ಲಿದ್ದ ಫೋನಿನಲ್ಲೂ ಮಾವನ ಮುಖ ಕಾಣುತ್ತಿತ್ತು, ಸೊಸೆ ಎಂದೂ ನೋಡಿರದ ಮುಖ. ಅವಳು ಆ್ಯಪ್ ಮುಚ್ಚಿ, ಸದ್ದಾಗದಂತೆ ಎದ್ದು ಹೊರಗೆ ಬಂದು, ಬಾಗಿಲ ಗೋಣಿಯನ್ನು ಇಳಿಬಿಟ್ಟಳು. ಅಂಗಳದ ಕಲ್ಲಿನ ಮೇಲೆ ಕೂತು ಕಾಲು ತೊಳೆದುಕೊಂಡಳು. ಒಳಗೆ ಮಾವ ಮಾತಾಡುತ್ತಲೇ ಇದ್ದರು. ಆ ಮನೆಗೆ ಬಂದ ಮೇಲೆ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.