ಕುಡಿಯದವರ ಟ್ರೈಗ್ಲಿಸರೈಡ್

ನಾನೂರ ಎಂಬತ್ತು. ನೂರೈವತ್ತರ ಒಳಗಿರಬೇಕಾದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹರಿನಾರಾಯಣರ ರಕ್ತದಲ್ಲಿ ಅಷ್ಟಿತ್ತು. ಎರ್ನಾಕುಲಂನ ಎಡಪ್ಪಳ್ಳಿಯ ಡಾಕ್ಟರಮ್ಮ ವರದಿಯಿಂದ ತಲೆಯೆತ್ತಿ, "ಸಾರ್ ಕುಡಿಯುವುದುಂಟೋ?" ಎಂದು ಮಲಯಾಳದಲ್ಲಿ ಕೇಳಿದರು. "ಮುಚ್ಚಿಡಬೇಡಿ. ಹೀಗೇ ಏರಿದರೆ ಹೃದಯಕ್ಕೆ ಅಪಾಯ."

ಪಕ್ಕದಲ್ಲಿದ್ದ ಹೆಂಡತಿ ಸೌದಾಮಿನಿ, ಬ್ಯಾಂಕಿನಲ್ಲಿ ಹೊಂದದ ಸಹಿಯನ್ನು ನೋಡುವ ಹಾಗೆ ಗಂಡನನ್ನು ನೋಡಿದಳು.

ಹರಿನಾರಾಯಣರು ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅವರ ಗುಟ್ಟು ಬೇರೆ. ತಿರುವನಂತಪುರದಲ್ಲಿ ಕಾನೂನು ಇಲಾಖೆಯ ಅಧೀನ ಕಾರ್ಯದರ್ಶಿಯಾಗಿ ವಾರವಿಡೀ ಒಂಟಿಯಾಗಿರುವ ಈ ಕಾಸರಗೋಡಿನವರು, ಮುಹೂರ್ತವಿದ್ದ ದಿನ ಮಧ್ಯಾಹ್ನ ಯಾರದೋ ಮದುವೆಗೆ ನುಗ್ಗಿ ಎಲೆಯ ಮುಂದೆ ಕೂರುತ್ತಿದ್ದರು. ಹೆಣ್ಣಿನವರು ಇವರನ್ನು ಗಂಡಿನ ಕಡೆಯೆಂದುಕೊಳ್ಳುತ್ತಿದ್ದರು, ಗಂಡಿನವರು ಹೆಣ್ಣಿನ ಕಡೆಯೆಂದು. ಅಲ್ಲಿ ನಮ್ಮ ಹೋಳಿಗೆಯನ್ನೇ ಬೋಳಿಯೆಂದು ಬಡಿಸಿ, ಮೇಲೆ ಹಾಲುಪಾಯಸ ಸುರಿಯುತ್ತಾರೆ. ಮುಹೂರ್ತವಿಲ್ಲದ ದಿನಕ್ಕೆ ಅಂಗಡಿಯ ಬೋಳಿ ಪೊಟ್ಟಣ. ಸೌದಾಮಿನಿ ಬ್ಯಾಂಕ್ ಮ್ಯಾನೇಜರ್ ಆದ ಮೇಲೆ ಎರ್ನಾಕುಲಂ ಮನೆಯಲ್ಲಿ ಹೋಳಿಗೆಯಾಗಿರಲಿಲ್ಲ. ತಾನೇ ಮಾಡಬಹುದೆಂದು ಇವರಿಗೆ ಹೊಳೆದದ್ದೂ ಇಲ್ಲ.

ಕರೆಯದ ಮದುವೆಯಲ್ಲಿ ಉಣ್ಣುವ ಅಧಿಕಾರಿ ಎನ್ನಿಸಿಕೊಳ್ಳುವುದಕ್ಕಿಂತ ಕುಡುಕ ಎನ್ನಿಸಿಕೊಳ್ಳುವುದರಲ್ಲಿ ಏನೋ ಒಂದು ದರ್ಜೆಯಿದೆಯೆಂದು ಅವರಿಗೆ ತೋರಿತು.

"ಸ್ವಲ್ಪ... ಸಂಜೆ ಹೊತ್ತು," ಎಂದರು.

"ಸ್ವಲ್ಪಕ್ಕೆ ಇಷ್ಟು ಏರ್ತದಾ ಮಾರಾಯ್ರೆ?" ಎಂದಳು ಸೌದಾಮಿನಿ.

ಡಾಕ್ಟರಮ್ಮ ಮಾತ್ರೆ ಬರೆದರು. ಕುಡಿತ ನಿಲ್ಲಿಸಿ ಎಂದರು. ಸಿಹಿಯೂ ಎಂದು ಬಾಯಿ ತೆರೆಯುವಷ್ಟರಲ್ಲಿ ಸೌದಾಮಿನಿ, "ಇವರು ಚಾಕ್ಕೂ ಸಕ್ಕರೆ ಹಾಕುವವರಲ್ಲ" ಎಂದಳು. ಮನೆಯ ಮಟ್ಟಿಗೆ ಅದು ನಿಜ. ಸಿಹಿಯ ಮಾತು ಚೀಟಿಗೆ ಬರಲಿಲ್ಲ. ಹರಿನಾರಾಯಣರು ಮಸೂದೆ ಬರೆಯುವವರು. ಬರಹದಲ್ಲಿಲ್ಲದ್ದು ಅವರಿಗೆ ಅನ್ವಯಿಸುವುದಿಲ್ಲ.

ಕುಡಿತ ಬಿಟ್ಟವರಿಗೆ ಸಿಹಿಯ ಆಸೆ ಹುಟ್ಟುತ್ತದೆಂದು ಬ್ಯಾಂಕಿನಲ್ಲಿ ಯಾರೋ ಹೇಳಿದರಂತೆ. ಸೌದಾಮಿನಿ ಪ್ರತಿ ಭಾನುವಾರ ಬೆಳಿಗ್ಗೆ ಬೇಳೆ ಬೇಯಿಸಿ, ಹೂರಣ ರುಬ್ಬಿ, ಸಂಜೆಯ ರೈಲಿಗೆ ಡಬ್ಬಿ ತುಂಬತೊಡಗಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ಈ ಮೂರು ತಿಂಗಳೇ. ಬೋಳಿಯ ಜತೆ ಇದೂ ಸೇರಿತು.

ಮುಂದಿನ ವರದಿ: ಏಳುನೂರ ಹನ್ನೆರಡು. ಇಸಿಜಿಯೂ ಸರಿಯಿರಲಿಲ್ಲ. "ಈ ವಾರವೇ ಆಂಜಿಯೋಗ್ರಾಂ," ಎಂದ ಡಾಕ್ಟರಮ್ಮ ಸೌದಾಮಿನಿಯ ಕಡೆ ತಿರುಗಿದರು. "ಸಾರ್ ಬಿಟ್ಟಿಲ್ಲ."

ಹೊರಗೆ ಬಂದಾಗ ಹರಿನಾರಾಯಣರಿಗೆ ನಿಜವಾಗಿ ಭಯವಾಗಿತ್ತು. ಮದುವೆ, ಎಲೆ, ಬೋಳಿ, ಪಾಯಸ, ಎಲ್ಲವನ್ನೂ ಹೇಳಿಬಿಟ್ಟರು.

ಸೌದಾಮಿನಿ ಕೊನೆಯವರೆಗೂ ಕೇಳಿದಳು. "ಇದಕ್ಕಿಂತ ಒಳ್ಳೆ ಸುಳ್ಳು ಸಿಗ್ಲಿಲ್ವಾ ನಿಮಗೆ? ಸೆಕ್ರೆಟೇರಿಯಟ್‌ನ ಆಫೀಸರು ಕರೆಯದ ಮದ್ವೆಗೆ ಹೋಗಿ ಹೋಳಿಗೆ ತಿನ್ನೋದಂತೆ!"

"ಸತ್ಯ ಮಾರಾಯ್ತಿ..."

"ಕುಡುಕರೆಲ್ಲ ಹೀಗೇ ಆಣೆ ಹಾಕ್ತಾರಂತೆ. ಎರಡು ದಿನಕ್ಕೆ ರಜೆ ಹೇಳಿ ಬನ್ನಿ, ಗುರುವಾರ ಆಸ್ಪತ್ರೆ." ಚೀಲದಿಂದ ಆ ವಾರದ ಹೋಳಿಗೆ ಡಬ್ಬಿ ತೆಗೆದು ಅವರ ಕೈಗೆ ತುರುಕಿದಳು. "ಅಲ್ಲಿಯವರೆಗಾದ್ರೂ ಕುಡೀಬೇಡಿ. ಆಸೆಯಾದ್ರೆ ಇದನ್ನು ತಿನ್ನಿ."

ರೈಲು ಕೊಲ್ಲಂ ತಲುಪುವಷ್ಟರಲ್ಲಿ ಡಬ್ಬಿಯ ನಾಲ್ಕೂ ಹೋಳಿಗೆ ಮುಗಿದಿದ್ದವು. ಫೋನು ಗುಂಯ್ ಎಂದಿತು, ಸೌದಾಮಿನಿಯ ಸಂದೇಶ: "ಕುಡಿಲಿಲ್ಲ ಅಲ್ವಾ?"

ಎದೆಯ ಬಿಗಿತವನ್ನು ಉಜ್ಜಿಕೊಳ್ಳುತ್ತ ಹರಿನಾರಾಯಣರು "ಇಲ್ಲ" ಎಂದು ಒತ್ತಿದರು. ಎರಡು ನೀಲಿ ಗೀಟು ಬಿದ್ದವು.