ಕೇಪು ಸಿಡಿಯಿತು, ಮದ್ದು ಹೊತ್ತಲಿಲ್ಲ

ಜಯಪ್ರಕಾಶ್ ಕೋವಿಯ ಕುದುರೆ ಎಳೆದ. ಕೇಪು ಟಪ್ಪೆಂದಿತು, ಅಷ್ಟೇ. ನಳಿಗೆಯೊಳಗಿನ ಮದ್ದು ಹೊತ್ತಲಿಲ್ಲ. ಇನ್ನೊಂದು ಕೇಪು ಸಿಕ್ಕಿಸಿ ಎಳೆದ. ಮತ್ತೆ ಬರೀ ಟಪ್.

“ಏನ್ಲಾ ಇದು, ದೀಪಾವಳಿ ಪಿಸ್ತೂಲಾ?” ಪಕ್ಕದ ಗದ್ದೆಯ ನಾಗರಾಜು ಬದುವಿನ ಮೇಲೆ ಕೂತು ನಕ್ಕ. “ಅಂದಿಗಳು ಇದ ಕೇಳುದ್ರೆ ಕುಣ್ಕಂಡ್ ಬತ್ತವೆ.”

ಬೆಳಕವಾಡಿಯ ಆ ಕಬ್ಬಿನ ಗದ್ದೆಗೆ ಕಾಡುಹಂದಿಗಳು ನುಗ್ಗತೊಡಗಿ ವಾರವಾಗಿತ್ತು. ಕೋವಿ ದೊಡ್ಡಪ್ಪನದು. ಅವರು ತೀರಿಕೊಂಡ ಮೇಲೆ ಲೈಸೆನ್ಸು ದೊಡ್ಡವ್ವ ಚಲುವಮ್ಮನ ಹೆಸರಿಗೆ ವರ್ಗವಾಗಿ, ಅವಳ ಕಣ್ಣು ಮಂಜಾದ ಮೇಲೆ ಜಯಪ್ರಕಾಶನಿಗೆ ಬಂದಿತ್ತು. ಹಂದಿ ಕೊಲ್ಲುವುದು ಬೇಕಿರಲಿಲ್ಲ. ಒಂದಳತೆ ಮದ್ದು ಸುರಿದು, ಮೇಲೆ ಗಜದ ಕಡ್ಡಿಯಲ್ಲಿ ತೆಂಗಿನ ನಾರು ಜಡಿದು, ಒಳ್ಳೆ ಸದ್ದು ಮಾಡಿದರೆ ಸಾಕಿತ್ತು. ಆದರೆ ಚಲುವಮ್ಮ ಮೊದಲೇ ಹೇಳಿದ್ದಳು: “ನಿನ್ ಕೈಲಾಯ್ತದಾ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಸ್ಟೇಸನ್‌ಗೆ ಒಪ್ಪಿಸ್ಬುಡ್ತೀನಿ.” ಕೋವಿ ಹೋದರೆ ಕಬ್ಬೂ ಹೋದಂತೆಯೇ.

“ಮದ್ದು ಕಮ್ಮಿಯಾಗ್ಬುಟ್ಟದೆ ಕಣ್ಲಾ, ಇನ್ನೊಂದಳತೆ ಸುರಿ,” ಎಂದ ನಾಗರಾಜು.

ಜಯಪ್ರಕಾಶನ ಕೈ ಮದ್ದಿನ ಡಬ್ಬಿಗೆ ಹೋಗಿ ಅಲ್ಲೇ ನಿಂತಿತು. ಕೋವಿ ತುಂಬುವಾಗ ಅವನು ಕೆಲಸಕ್ಕೆ ಹೋಗುವ ಗೆಜ್ಜಲಗೆರೆಯ ಕಾರ್ಖಾನೆಯಿಂದ ಸೂಪರ್‌ವೈಸರ್ ಫೋನು ಮಾಡಿದ್ದರು. ಮದ್ದು ಸುರಿದದ್ದು ಫೋನಿಗೆ ಮೊದಲೋ, ಆಮೇಲೋ? ಎರಡು ಸಲವೂ ಸುರಿದಿದ್ದರೆ ನಳಿಗೆಯೇ ಒಡೆದೀತು. ಎಷ್ಟು ನೆನೆದರೂ ಹೊಳೆಯಲಿಲ್ಲ. ಕೇಪು ತೆಗೆದು, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು ನಿಂತ.

“ಕೆಳೀಕ್ ಇಡ್ಲಾ, ಕೈ ನೋಯ್ತದೆ.”

“ನೀನ್ ಮೊದ್ಲು ನನ್ ಹಿಂದಕ್ಕೆ ಬಾರ್ಲಾ.”

ಅಷ್ಟರಲ್ಲಿ ಚಲುವಮ್ಮ ಬದುವಿನ ಮೇಲೆ ಕೋಲೂರಿಕೊಂಡು ಬಂದಳು. “ಯಾಕ್ಲಾ ಅಂಗ್ ನಿಂತಿದ್ದೀಯೆ, ಫೋಟೋ ತೆಗುಸ್ಕಳಕ್ಕಾ?”

ಬೈಗುಳಕ್ಕೆ ಸಿದ್ಧನಾಗಿ ಅವನು ಇದ್ದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ.

“ಕೇಪ್ ತೆಗ್ದಿದ್ದೀಯಾ?”

“ತೆಗ್ದಿವ್ನಿ, ದೊಡ್ಡವ್ವ.”

“ಗಜದ ಕಡ್ಡಿ ಒಳಕ್ ಬುಡು. ಮಕ ಅತ್ಲಾಗಿರ್ಲಿ.”

ಕಡ್ಡಿ ಮದ್ದಿನ ಮೇಲಿನ ನಾರಿಗೆ ತಾಗಿ ನಿಂತಿತು. ಚಲುವಮ್ಮ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಕಡ್ಡಿ ನಳಿಗೆಯ ಬಾಯಿ ದಾಟುವ ಜಾಗಕ್ಕೆ ಒಂದು ಗುರುತು ಹಾಕಿದಳು. ಆಮೇಲೆ ಕಡ್ಡಿಯನ್ನು ಹೊರಗೆಳೆಸಿ, ಗುರುತನ್ನು ಬಾಯಿಗೆ ಸರಿಯಾಗಿ ಹಿಡಿಸಿ, ನಳಿಗೆಯ ಪಕ್ಕದಲ್ಲೇ ಉದ್ದಕ್ಕೆ ಇಡಿಸಿದಳು. ಕಡ್ಡಿಯ ತುದಿಯಿಂದ ನಳಿಗೆಯ ಬುಡದವರೆಗೆ ಉಳಿದ ಜಾಗವನ್ನು ಬೆರಳಲ್ಲಿ ಅಳೆದಳು.

“ನಾಕು ಬೆಳ್ಳು. ಒಂದೇ ಸಲ ಸುರ್ದಿದ್ದೀಯೆ. ಎಲ್ಡಾಗಿದ್ರೆ ಕಡ್ಡಿ ಇನ್ನೂ ಮೇಲೇ ನಿಲ್ತಿತ್ತು.”

ಜಯಪ್ರಕಾಶನಿಗೆ ಉಸಿರು ಬಂತು. ಕಣ್ಣು ಸರಿಯಾಗಿ ಕಾಣದವಳು ಕೋವಿಯ ಹೊಟ್ಟೆಯೊಳಗಿನದನ್ನು ಹೇಳುತ್ತಿದ್ದಳು! ಅವನು ಅವಳ ಬೆರಳುಗಳನ್ನೇ ನೋಡಿದ. ಅವು ಈಗ ಕೇಪು ಕೂರುವ ಮೊಳೆಯ ಮೇಲೆ ಆಡಿ, ಮೂಗಿನ ಹತ್ತಿರ ಹೋದವು.

“ಅರಳೆಣ್ಣೆ. ಆಯುಧಪೂಜೇಲಿ ಏನ್ ಮಾಡ್ದೆ ಇದ್ಕೆ?”

“ಎಣ್ಣೆ ಸವರಿ, ಅಲ್ಲಿಗೇ ಕುಂಕುಮ ಇಟ್ಟೆ, ದಪ್ಪಕ್ಕೆ. ಅದೇ ಅಣೆ ಅನ್ಕಂಡೆ.”

“ಅಣೆ ಅಲ್ಲ ಕಣ್ ಮಗ, ಅದ್ರ ಮೂಗು! ಮೂಗ್ಗೆ ಕುಂಕುಮ ತುರ್ಕುದ್ರೆ ಉಸ್ರು ಎಲ್ಲಿಂದ ಆಡ್ತದೆ?” ನಾಗರಾಜುವಿಗಿಂತ ಜೋರಾಗಿ ನಕ್ಕಳು.

ಅವಳು ರವಿಕೆಯ ಪಿನ್ನು ಬಿಚ್ಚಿಕೊಟ್ಟಳು. ಜಯಪ್ರಕಾಶ್ ಕೇಪಿನ ಕಿಡಿ ಒಳಗೆ ಹೋಗುವ ಮೊಳೆಯ ಸಣ್ಣ ತೂತು ಕೆದಕಿದ. ಕೆಂಪು ಜಿಡ್ಡು ಎದ್ದು ಬಂತು. ಅವಳು ಹೇಳಿದಂತೆ ಅದನ್ನೆಲ್ಲ ಒರೆಸಿ, ತೂತಿಗೆ ಒಂದು ಚಿಟಿಕೆ ಒಣಮದ್ದು ಉದುರಿಸಿ, ಹೊಸ ಕೇಪು ಸಿಕ್ಕಿಸಿ ಎಳೆದ. ಢಂ! ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನಾಗರಾಜು ಕಿವಿ ಮುಚ್ಚಿಕೊಂಡಿದ್ದ.

“ಮರ್ತೋದಾಗ ಇನ್ನೊಂದಳತೆ ಸುರೀದೆ ಯಾಕ್ ನಿಂತೆ?” ಚಲುವಮ್ಮ ಕೇಳಿದಳು.

“ಭಯ ಆಯ್ತು, ದೊಡ್ಡವ್ವ.”

“ನಿಮ್ ದೊಡ್ಡಪ್ಪಂಗೆ ಆಗ್ನಿಲ್ಲ. ಸುರುದ್ರು. ಎಡಗೈ ಬೆಳ್ಳು ಓದ್ವು. ಆಲೆಮನೆ ಗಾಣಕ್ ಸಿಕ್ತು ಅಂತ ಊರಿಗೆಲ್ಲ ಹೇಳ್ಕಂಡ್ ಬಂದೊ.”

ಚಲುವಮ್ಮ ಆಗಲೇ ಕೋಲೂರಿಕೊಂಡು ಮನೆಯ ಕಡೆ ತಿರುಗಿದ್ದಳು.

“ದೊಡ್ಡವ್ವ, ಕೋವಿ?”

“ನಿನ್ ಕೋವಿ ಕಣ್ಲಾ,” ಅವಳು ತಿರುಗಿ ನೋಡಲಿಲ್ಲ. “ನಳಿಗೆ ತೊಳ್ಕಂಡು ನೀನೇ ಮನೇಗ್ ತತ್ತೀಯೆ.”