ಸದ್ದಿಲ್ಲದ ಫ್ಯಾನು

ಕಿವಿ ಪರೀಕ್ಷೆಯ ಕೋಣೆಯಲ್ಲಿ ಸದ್ದು ಮಾಡಿದವರು ಯಾರೇ ಆಗಲಿ, ಡಾಕ್ಟರಮ್ಮನ ಪಾಲಿಗೆ ಅಪರಾಧಿಗಳೇ. ಕುರ್ಚಿಯ ಕಾಲುಗಳಿಗೆ ರಬ್ಬರ್ ಹಾಕಿಸಿದ್ದರು, ಬಾಗಿಲಿನ ಅಂಚಿಗೆ ಸ್ಪಂಜು ಅಂಟಿಸಿದ್ದರು. ಅವರ ಮಾತಿಗೆ ಬಗ್ಗದೆ ಉಳಿದದ್ದು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಫ್ಯಾನು ಒಂದೇ.

"ಮೇಷ್ಟ್ರೇ, ಇದರ ಬಾಯಿ ಮುಚ್ಚಿಸೋಕಾಗುತ್ತಾ?"

ಮೇಷ್ಟ್ರು ಎಂದರೆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಆ ಹೆಸರಿಟ್ಟವಳು ಅವನ ಚಿಕ್ಕಮ್ಮ. ಅಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದ ಆಕೆಯೇ ಡಾಕ್ಟರಮ್ಮನ ಬೆನ್ನು ಬಿದ್ದು ಅವನಿಗೆ ಈ ಕೆಲಸ ಕೊಡಿಸಿದ್ದಳು. ಸಂಜೆ ಕ್ಲಾಸಿನಲ್ಲಿ ಕಲಿತ ತನ್ನ ವಿದ್ಯೆ ಎಷ್ಟರದೆಂದು ಬಲ್ಲ ಅವನಿಗೆ, ಮೇಷ್ಟ್ರೇ ಎಂದು ಯಾರಾದರೂ ಕರೆದಾಗಲೆಲ್ಲ ಮೈ ಹಿಡಿಯಾಗುತ್ತಿತ್ತು.

ಆದರೂ ಒಪ್ಪಿಕೊಂಡ. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ವ್ಯವಸ್ಥೆಯಲ್ಲಿ ಫ್ಯಾನಿನ ವೇಗ ಹಿಡಿತದಲ್ಲಿಡಲು ಸಿದ್ಧ ಪ್ರೋಗ್ರಾಮೇ ಇದೆ. ಒಳಗೇನಾದರೂ ಅದಲು ಬದಲಾದರೆ ಅದು ಓಡುವುದಿಲ್ಲವೆಂದು ಹಟ ಹಿಡಿದು ನಿಲ್ಲುತ್ತದೆ. ಆ ಹಟ ಅವನಿಗೆ ಕಿರಿಕಿರಿಯಾಯಿತು. ಒಮ್ಮೆಯಾದರೂ ಮೇಷ್ಟ್ರು ಅನ್ನಿಸಿಕೊಳ್ಳುವ ಆಸೆಯೂ ಇತ್ತೇನೋ, ತಾನೇ ಹನ್ನೆರಡು ಸಾಲು ಬರೆದ. ಒಳಗಿನ ಶಾಖ ಅಳೆಯುವ ಸೆನ್ಸರುಗಳಲ್ಲಿ ಎರಡನೇ ನಂಬರಿನದು ಪ್ರೊಸೆಸರಿನದು. ಅದರ ಶಾಖ ಐವತ್ತು ಡಿಗ್ರಿ ದಾಟಿದರೆ ಫ್ಯಾನು ತಿರುಗಲಿ, ಇಲ್ಲದಿದ್ದರೆ ನಿಲ್ಲಲಿ. ಇಷ್ಟೇ. ಫ್ಯಾನು ಹೇಳಿದಂತೆ ಕೇಳಿತು.

ಎರಡು ವಾರದ ನಂತರ ಒಂದು ಸೋಮವಾರ ಹೊಸ ಅಪ್‌ಡೇಟ್ ಹಾಕಿ ಕಂಪ್ಯೂಟರನ್ನು ಮರಳಿ ಶುರುಮಾಡಿದ. ಅಂದು ಕೋಣೆ ಎಂದಿಗಿಂತ ಶಾಂತವಾಗಿತ್ತು.

"ಸೂಜಿ ಬಿದ್ರೂ ಕೇಳ್ಸುತ್ತೆ ಕಣ್ರೀ!" ಎಂದರು ಡಾಕ್ಟರಮ್ಮ.

"ಯಾರ ಮಗ ಅಂದ್ಕೊಂಡ್ರಿ? ನಮ್ಮಕ್ಕನ ಮಗ!" ಎಂದು ಚಿಕ್ಕಮ್ಮ ಪೊರಕೆ ಹಿಡಿದೇ ಬೀಗಿದಳು.

ಬುಧವಾರ ಮಧ್ಯಾಹ್ನ, ನಿವೃತ್ತ ಬಸ್ ಡ್ರೈವರೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ ಕಂಪ್ಯೂಟರು ತಾನಾಗಿ ಆರಿಹೋಯಿತು. ಡಾಕ್ಟರಮ್ಮ ಬಗ್ಗಿ ಮುಟ್ಟಿ ನೋಡಿದರೆ ಡಬ್ಬ ಕಾದ ಹೆಂಚಿನಂತಿತ್ತು. ಅದರ ಮೇಲೆ ಮಡಿಸಿಟ್ಟ ಒಂದು ಒರೆಸುವ ಬಟ್ಟೆ.

"ಇದನ್ನ ಇಲ್ಲಿಟ್ಟಿದ್ದು ಯಾರು?"

"ನಾನೇ ಅಮ್ಮಾ," ಎಂದಳು ಚಿಕ್ಕಮ್ಮ. "ತಪ್ಪಾಯ್ತು."

"ಉಸಿರಾಡೋ ಜಾಗ ಮುಚ್ಚಿದ್ರೆ ಯಂತ್ರ ಆದ್ರೇನು, ಮನುಷ್ಯ ಆದ್ರೇನು? ಇನ್ಮೇಲೆ ಈ ಕೋಣೆಗೆ ಬರಬೇಡಿ. ಬೇರೆಯವರು ಗುಡಿಸ್ತಾರೆ."

ಎಲ್ಲರೂ ಹೋದ ಮೇಲೆ ಮೇಷ್ಟ್ರು ಕಂಪ್ಯೂಟರು ಹಚ್ಚಿ 'ಸೆನ್ಸರ್ಸ್' ಎಂದು ಟೈಪು ಮಾಡಿದ. ಪ್ರೊಸೆಸರು ತೊಂಬತ್ತಾರು ಡಿಗ್ರಿ. ಫ್ಯಾನಿನ ಸುತ್ತು ಸೊನ್ನೆ. ಸೋಮವಾರ ಯಂತ್ರ ಮರಳಿ ಶುರುವಾದಾಗ ಸೆನ್ಸರುಗಳ ನಂಬರು ಅದಲು ಬದಲಾಗಿ, ಎರಡನೆಯದು ಈಗ ಡಿಸ್ಕಿನದಾಗಿತ್ತು. ಡಿಸ್ಕು ಮೂವತ್ನಾಲ್ಕು ಡಿಗ್ರಿಯಲ್ಲಿ ತಣ್ಣಗೆ ಕೂತಿತ್ತು. ಅದನ್ನೇ ನೋಡುತ್ತ ಅವನ ಹನ್ನೆರಡು ಸಾಲು ಮೂರು ದಿನದಿಂದ ಫ್ಯಾನನ್ನು ನಿಲ್ಲಿಸಿಟ್ಟಿತ್ತು. ನಂಬರು ಬದಲಾಗುತ್ತದೆ, ಸೆನ್ಸರನ್ನು ಹೆಸರಿನಿಂದ ಹಿಡಿಯಬೇಕು ಎಂಬುದು ಕ್ಲಾಸಿನಲ್ಲಿ ಮೊದಲ ವಾರವೇ ಹೇಳಿಕೊಟ್ಟ ಪಾಠ. ಅವರೆಲ್ಲ ಹೊಗಳಿದ್ದು ಸತ್ತ ಫ್ಯಾನಿನ ಮೌನವನ್ನು.

ತನ್ನ ಸಾಲುಗಳನ್ನು ಅಳಿಸಿ ಸಿದ್ಧ ಪ್ರೋಗ್ರಾಮ್ ಹಾಕಿದ. ಆದರೆ ಯಾರಿಗೂ ಹೇಳಲಿಲ್ಲ. ಅದೇ ಅವನನ್ನು ತಿನ್ನತೊಡಗಿತು. ಗುರುವಾರ ಎಲ್ಲ ಸರಿಯಾಗಿ ನಡೆಯಿತು. "ಬಟ್ಟೆ ತೆಗೆದಿದ್ದೇ ಸರಿಹೋಯ್ತು ನೋಡಿ," ಎಂದರು ಡಾಕ್ಟರಮ್ಮ. ಅವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಹೊರಗೆ ಚಿಕ್ಕಮ್ಮ ಆ ಬಾಗಿಲ ತನಕ ಗುಡಿಸಿಕೊಂಡು ಬಂದು, ಹೊಸ್ತಿಲು ಮುಟ್ಟದೆ ತಿರುಗಿ ಹೋದಳು.

ಶುಕ್ರವಾರ ನಲ್ಲಿಯ ಹತ್ತಿರ ಅವಳ ಬಳಿ ಎಲ್ಲ ಹೇಳಿಬಿಟ್ಟ.

ಚಿಕ್ಕಮ್ಮ ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡಳು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ನನ್ನ ಮೇಲೇ ಇರ್ಲಿ ಬಿಡು. ಪೊರಕೆ ಹಿಡಿದೋಳಿಗೆ ಏನು ಮರ್ಯಾದೆ ಹೋಗುತ್ತೆ? ನೀನು ಮೇಷ್ಟ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲಿಂದ ನೇರವಾಗಿ ಡಾಕ್ಟರಮ್ಮನ ಮುಂದೆ ಹೋಗಿ ನಿಂತ.

"ಬಟ್ಟೆಯಿಂದ ಅಲ್ಲ ಮೇಡಂ. ನಾನು ಬರೆದಿದ್ದು ತಪ್ಪಾಗಿತ್ತು. ಫ್ಯಾನೇ ನಿಂತುಹೋಗಿತ್ತು."

"ಯಾವಾಗ ಗೊತ್ತಾಯ್ತು?"

"ಬುಧವಾರ."

ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು, ಆಮೇಲೆ ಅವನನ್ನು. "ಎರಡು ದಿನ ಆ ಹೆಂಗಸು ನನಗೆ ಮುಖ ತೋರಿಸಿಲ್ಲ, ಗೊತ್ತಾ? ಫ್ಯಾನಿನ ತಪ್ಪನ್ನ ಮರೀತೀನಿ. ಇದನ್ನ ಮರೆಯೋಕೆ ಸ್ವಲ್ಪ ದಿನ ಬೇಕು."

ಡಾಕ್ಟರಮ್ಮ ತಾವೇ ಎದ್ದು ನಲ್ಲಿಯ ಕಡೆ ಹೋದರು. ಅಲ್ಲೇನು ಮಾತಾಯಿತೋ ಅವನಿಗೆ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಅವನು ಪರೀಕ್ಷೆಯ ಕೋಣೆಯ ಕಂಪ್ಯೂಟರಿನ ಮುಂದೆ ಕೂತಿದ್ದಾಗ ಚಿಕ್ಕಮ್ಮ ಪೊರಕೆಯೊಂದಿಗೆ ಒಳಗೆ ಬಂದಳು. ಮೂಲೆಯಿಂದ ಗುಡಿಸುತ್ತ ಗುಡಿಸುತ್ತ ಅವನ ಕುರ್ಚಿಯ ತನಕ ಬಂದು ನಿಂತಳು.

"ಕಾಲೆತ್ತೋ," ಎಂದಳು.

ಅವನು ಎರಡೂ ಕಾಲು ಎತ್ತಿ ಹಿಡಿದು, ಅವಳು ಗುಡಿಸಿ ಮುಗಿಸುವ ತನಕ ಹಾಗೆಯೇ ಕೂತ.